ಬಂಧ–ಬದ್ಧ, ಬೈಂಡ್–ಬೌಂಡ್

ಇಂಗ್ಲಿಷ್ ವ್ಯಾಕರಣ ಪುಸ್ತಕಗಳ ಕೊನೆಯಲ್ಲಿ ಅನಿಯಮಿತ ಕ್ರಿಯಾಪದಗಳ, ಅಂದರೆ ಬರೀ -ed ಹಚ್ಚಿ ಭೂತಕಾಲ ಮಾಡಲಾಗದವುಗಳ, ಮೂರು ಸಾಲಿನ ಪಟ್ಟಿಯೊಂದು ಇರುತ್ತದೆ. ಅದನ್ನು ಮಗ್ಗಿಯಂತೆ ಉರುಹೊಡೆದವರಿಗೆ ಈ ರೂಪಗಳಿಗೆ ತಲೆಬುಡವೇ ಇಲ್ಲ ಎನ್ನಿಸಿದರೆ ಅದು ಸಹಜ. ಆದರೆ ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್ ಎಂದು ಕನ್ನಡ ಲಿಪಿಯಲ್ಲಿ ಬರೆದು ನೋಡಿ: ವ್ಯಂಜನಗಳು ಕದಲುವುದಿಲ್ಲ, ನಡುವಿನ ಸ್ವರವಷ್ಟೇ ಒಂದೇ ಕ್ರಮದಲ್ಲಿ ಬದಲಾಗುತ್ತದೆ.

ಈ ಸ್ವರಪಲ್ಲಟ ಇಂಗ್ಲಿಷಿಗಿಂತ ಬಹಳ ಹಳೆಯದು. ಇಂಗ್ಲಿಷ್ ಮತ್ತು ಸಂಸ್ಕೃತಗಳೆರಡಕ್ಕೂ ಮೂಲವಾದ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಧಾತುವಿನ ಸ್ವರವನ್ನು ಬದಲಿಸಿ ಹೊಸ ರೂಪಗಳನ್ನು ಕಟ್ಟುವುದು ಜೀವಂತ ನಿಯಮವಾಗಿತ್ತು. ಸಂಸ್ಕೃತದಿಂದ ನಾವು ಪಡೆದ ಕೃತಿ, ಕರ್ತೃ, ಕಾರ್ಯ ಎಂಬ ಪದಗಳಲ್ಲಿ ಕಾಣುವ ಗುಣ-ವೃದ್ಧಿಗಳು (ಋ ಸ್ವರ ಅರ್, ಆರ್ ಆಗುವುದು) ಅದೇ ನಿಯಮದ ಇನ್ನೊಂದು ಕವಲು. 'ಕಟ್ಟು' ಎಂಬರ್ಥದ ಬೈಂಡ್ ಮತ್ತು ನಮ್ಮ 'ಬಂಧ' ಒಂದೇ ಬೇರಿನಿಂದ ಬಂದವು. ಬದ್ಧದಲ್ಲಿ ಧಾತುವಿನ ಮೂಲ ಸ್ವರ ಬಿದ್ದುಹೋಗಿ, ಉಳಿದ ಅನುನಾಸಿಕವೇ 'ಅ' ಆಗಿದೆ; ಬಂಧ-ಬದ್ಧ ಜೋಡಿಯಲ್ಲಿ ನಡೆದಿರುವ ಈ ಸ್ವರಪಲ್ಲಟವೇ ಹಳೆಯ ಇಂಗ್ಲಿಷಿನ ಬಿಂಡನ್–ಬುಂಡೆನ್ ಎಂಬಲ್ಲಿಯೂ ನಡೆದಿದ್ದು, ಇಂದಿನ ಬೈಂಡ್–ಬೌಂಡ್ ಅದರ ಮುಂದುವರಿಕೆ. ಪಾಠ ಹೇಳುವವರು ಈ ನಂಟನ್ನು ಮಕ್ಕಳಿಗೆ ಒಮ್ಮೆಯಾದರೂ ತೋರಿಸಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಎಲ್ಲ ಅನಿಯಮಿತ ರೂಪಗಳೂ ಈ ವಂಶದವಲ್ಲ. ಕೆಪ್ಟ್, ಸ್ಲೆಪ್ಟ್‌ಗಳಲ್ಲಿ ಭೂತಕಾಲದ ಪ್ರತ್ಯಯ ಇದ್ದೇ ಇದೆ. ಅದು ಸೇರಿ ಎರಡು ವ್ಯಂಜನಗಳು ಒತ್ತಾದಾಗ ಹಿಂದಿನ ದೀರ್ಘಸ್ವರ ಹ್ರಸ್ವವಾಯಿತು. ಗೋ ಪದದ ವೆಂಟ್ ಮಾತ್ರ ವೆಂಡ್ ಎಂಬ ಬೇರೊಂದು ಕ್ರಿಯಾಪದದಿಂದ ಬಂದದ್ದು.

ನಿಯಮವೇ ಮರೆತುಹೋದ ಮೇಲೂ ಇವು ಉಳಿದದ್ದು ಬಳಕೆಯ ಬಲದಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದು, ಅವುಗಳಲ್ಲಿ 98 ಮಾತ್ರ ಇಂದಿಗೂ ಹಾಗೆಯೇ ಉಳಿದಿವೆ ಎಂದು ತೋರಿಸಿತು. 100 ಪಟ್ಟು ಕಡಿಮೆ ಬಳಕೆಯ ಕ್ರಿಯಾಪದ 10 ಪಟ್ಟು ಬೇಗ ನಿಯಮಿತವಾಗುತ್ತದೆ. ದಿನವಿಡೀ ಕಿವಿಗೆ ಬೀಳುವ ರೂಪ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಪರೂಪದ್ದು ನೆನಪಿಗೆ ಬಾರದಾಗ ಮಾತನಾಡುವವರು ಗೊತ್ತಿರುವ ಪ್ರತ್ಯಯವನ್ನೇ ಹಚ್ಚುತ್ತಾರೆ. ನಾವೂ ನೋಡು-ನೋಡಿದ ಎನ್ನುವಂತೆ 'ಬರಿದ' ಎನ್ನದೆ 'ಬಂದ' ಎನ್ನುವುದು, ಆ ರೂಪವನ್ನು ಎಳವೆಯಿಂದಲೇ ಸಾವಿರಾರು ಬಾರಿ ಕೇಳಿರುವುದರಿಂದ. ಹೆಲ್ಪ್ ಪದದ ಹಳೆಯ ಭೂತಕಾಲ ಹೋಲ್ಪ್ ಹೀಗೆಯೇ ಮರೆಯಾಗಿ ಹೆಲ್ಪ್ಡ್ ಉಳಿಯಿತು. ಮುಂದಿನ ಸರದಿ 'ಮದುವೆಯಾಗು' ಎಂಬರ್ಥದ ವೆಡ್ ಪದದ್ದು ಎಂದು ಅದೇ ಸಂಶೋಧಕರು ಅಂದಾಜಿಸಿದರು. ಅದರ ಭೂತಕಾಲವಾಗಿ ವೆಡ್ ಮತ್ತು ವೆಡ್ಡೆಡ್ ಎರಡೂ ಈಗಾಗಲೇ ಬಳಕೆಯಲ್ಲಿವೆ.