ಒಂದೇ ಕೋಣೆ, ಎರಡು ಗೂಡು: ಬಿಯರ್ಡೆಡ್ ಡ್ರ್ಯಾಗನ್ ಸಾಕುವವರಿಗೆ

ಶಾಖ ಕೊಡುವ ದೀಪದ ಕೆಳಗಿನ ಕಲ್ಲಿನ ಮೇಲೆ ಎರಡು ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗಳು ಒಂದರ ಮೇಲೊಂದು ಕುಳಿತರೆ ನೋಡಿದವರು ಅದನ್ನು ಅಕ್ಕರೆಯೆಂದೇ ತಿಳಿಯುತ್ತಾರೆ. ಅದು ಬಿಸಿ ಜಾಗಕ್ಕಾಗಿ ಸದ್ದಿಲ್ಲದೆ ನಡೆದ ಜಗಳ. ಮೇಲಿನದಕ್ಕೆ ಶಾಖವೂ ಬಿಸಿಲಿನಲ್ಲಿರುವಂಥ ಯುವಿ-ಬಿ ಎಂಬ ಕಿರಣವೂ ದಕ್ಕುತ್ತವೆ, ಕೆಳಗಿನದಕ್ಕೆ ಎರಡೂ ತಪ್ಪುತ್ತವೆ. ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯಲ್ಲಿ ಒಂಟಿಯಾಗಿ ಬಾಳುವ ಈ ಪ್ರಾಣಿಯಲ್ಲಿ ಹೆಣ್ಣು ಮೊಟ್ಟೆಗಳನ್ನು ಮಣ್ಣಿನಲ್ಲಿ ಹೂತು ಹೊರಟುಹೋಗುತ್ತದೆ. ಮರಿ ಸಲಹುವ ರೂಢಿಯೇ ಇಲ್ಲ. ಸುಮಾರು 10 ಸೆಂಟಿಮೀಟರಿನ ಮರಿಯನ್ನು ದೊಡ್ಡದು ತಿಂದುಬಿಡಬಲ್ಲದು. ಆದ್ದರಿಂದ ಮರಿಯನ್ನೂ ದೊಡ್ಡದನ್ನೂ ಒಂದೇ ಗೂಡಿನಲ್ಲಿಡುವ ಮಾತು ಬೇಡ. ಒಂದೇ ಕೋಣೆಯಲ್ಲಿ ಎರಡು ಗೂಡು ಇಡಬಹುದೇ ಎಂಬುದಷ್ಟೇ ವಿಚಾರಿಸತಕ್ಕ ಪ್ರಶ್ನೆ.

ಇಡಬಹುದು, ಆದರೆ ಒಂದು ಇನ್ನೊಂದರ ಕಣ್ಣಿಗೆ ಬೀಳಬಾರದು. ಈ ಪ್ರಾಣಿಗಳು ತಮ್ಮತಮ್ಮಲ್ಲಿ ವ್ಯವಹರಿಸುವುದು ಮುಖ್ಯವಾಗಿ ನೋಟದಿಂದ. ಧಾರವಾಡದ ಸುತ್ತಲಿನ ಹೊಲದ ಬೇಲಿಗಳ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತವೂ ಇದೇ ಅಗಾಮಿಡೇ ಕುಟುಂಬದ್ದು. ಅದರ ಕೊರಳು ಕೆಂಪಾಗುವುದನ್ನು ಕಂಡು, ರಕ್ತ ಹೀರಿದೆಯೆಂದು ಕಲ್ಲು ಹೊಡೆಯುವವರು ಇಂದಿಗೂ ಇರುವುದು ನೋವಿನ ಸಂಗತಿ. ಆ ಕೆಂಪು ಬೆದೆಗಾಲದಲ್ಲಿ ಗಂಡು ತೋರುವ ಬಣ್ಣ ಮಾತ್ರ. ಬಿಯರ್ಡೆಡ್ ಡ್ರ್ಯಾಗನ್ ಇದನ್ನೇ ಗಡ್ಡದಿಂದ, ಅಂದರೆ ಕೊರಳ ಕೆಳಗಿನ ಚರ್ಮದಿಂದ, ಮಾಡುತ್ತದೆ. ಚರ್ಮದ ಬಣ್ಣದ ಕೋಶಗಳ ಒಳಗೆ, ನಟ್ಟನಡುವೆ ಒತ್ತಾಗಿ ಕುಳಿತಿರುವ ಮೆಲನಿನ್ ಎಂಬ ಕಪ್ಪು ಬಣ್ಣದ ಕಣಗಳು ನೀರಿಗೆ ಬಿದ್ದ ಮಸಿಯ ಹನಿಯಂತೆ ಕೋಶದ ಅಂಚಿನವರೆಗೂ ಹರಡಿದಾಗ ಇಡೀ ಗಡ್ಡ ಕಪ್ಪಾಗುತ್ತದೆ, ಜೊತೆಗೆ ತಲೆ ರಭಸದಿಂದ ಮೇಲೆ ಕೆಳಗೆ ಜಗ್ಗುತ್ತದೆ.

ಇದನ್ನು ಕಂಡ ಮರಿ ಮೂರು ಕಾಲುಗಳ ಮೇಲೆ ನಿಂತು, ಒಂದು ಮುಂಗಾಲನ್ನೆತ್ತಿ, ನಿಧಾನವಾಗಿ ಸುತ್ತು ತಿರುಗಿಸಿ ಇಳಿಸುತ್ತದೆ. ಮರಿ ಟಾಟಾ ಮಾಡುತ್ತಿದೆಯೆಂದು ಹಿಗ್ಗುವವರು ಗಮನಿಸಬೇಕು, ಅದು ಶರಣಾಗತಿ. ಬಯಲಿನಲ್ಲಾದರೆ ಮರಿ ಓಡಿಹೋಗುತ್ತಿತ್ತು. ಗಾಜಿನ ಗೂಡಿನೊಳಗೆ ಓಡಲು ಜಾಗವಿಲ್ಲದ ಕಾರಣ ಹೆದರಿಕೆ ದಿನವಿಡೀ ಉಳಿಯುತ್ತದೆ. ಹೆದರಿದ ಮರಿ ದೀಪದಡಿ ಬರುವುದಿಲ್ಲ, ಮೈ ಸುಮಾರು 35 ಡಿಗ್ರಿಗೆ ಕಾಯದಿದ್ದರೆ ತಿಂದ ಹುಳು ಸರಿಯಾಗಿ ಅರಗುವುದಿಲ್ಲ, ಯುವಿ-ಬಿ ತಗಲದಿದ್ದರೆ ಡಿ3 ವಿಟಮಿನ್ ತಯಾರಾಗದೆ ಸುಣ್ಣದ ಅಂಶ ಮೂಳೆಗೆ ಸೇರುವುದಿಲ್ಲ. ಹುಳು, ಸೊಪ್ಪು ಎಲ್ಲವನ್ನೂ ಸರಿಯಾಗಿ ಕೊಟ್ಟರೂ ಮರಿ ಸೊರಗಿದರೆ ಎದುರಿನ ಗೂಡಿನತ್ತ ನೋಡಬೇಕು. ಎರಡರ ನಡುವೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿದರೆ ನೋಟ ಮರೆಯಾಗುತ್ತದೆ.

ರೋಗ ಹರಡುವ ವಿಷಯದಲ್ಲಿ ಗಾಳಿಗಿಂತ ಹಿಕ್ಕೆಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಆರೋಗ್ಯವಾಗಿ ಕಾಣುವ ದೊಡ್ಡದರ ಕರುಳಿನಲ್ಲೂ ಕಾಕ್ಸಿಡಿಯಾ ಪರೋಪಜೀವಿ ಅಥವಾ ಅಡಿನೋವೈರಸ್ ಇರಬಹುದು, ಮರಿಗೆ ಅವು ಪ್ರಾಣಾಂತಿಕವಾಗಬಲ್ಲವು. ಆದ್ದರಿಂದ ಪ್ರತಿದಿನ ಮೊದಲು ಮರಿಯ ಗೂಡು ಸ್ವಚ್ಛಗೊಳಿಸಿ, ಆಮೇಲೆ ದೊಡ್ಡದರದು. ಚಿಮಟ, ನೀರಿನ ಬಟ್ಟಲು ಬೇರೆಬೇರೆ ಇರಲಿ. ದೊಡ್ಡದು ಬಿಟ್ಟ ಹುಳುಗಳನ್ನು ಮರಿಗೆ ಹಾಕುವ ಉಳಿತಾಯ ಖಂಡಿತ ಬೇಡ.

ಧಾರವಾಡದ ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಾಗ ಗೂಡನ್ನು ಕಿಟಕಿಯ ಪಕ್ಕಕ್ಕೆ ಸರಿಸುವವರಿದ್ದಾರೆ. ಕಿಟಕಿಯ ಗಾಜು ಯುವಿ-ಬಿಯನ್ನು ಬಹುಪಾಲು ತಡೆಯುತ್ತದೆ, ಹೀಗಾಗಿ ದೀಪ ಬೇಕೇ ಬೇಕು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ತಗಡಿನ ಮಾಡಿನ ಕೋಣೆಯಲ್ಲಿ ತೊಂದರೆ ಬೇರೆ: ಎರಡು ಗೂಡುಗಳ ದೀಪಗಳು ಕೂಡಿ ಕೋಣೆಯನ್ನೇ ಕಾಯಿಸುತ್ತವೆ, ಮರಿಯ ಚಿಕ್ಕ ಗೂಡಿನಲ್ಲಿ ದೀಪದಿಂದ ದೂರದ, ತಂಪಿನ ತುದಿಯೇ ಉಳಿಯುವುದಿಲ್ಲ. ಆ ತುದಿಯಲ್ಲೊಂದು ಥರ್ಮಾಮೀಟರ್ ಇಟ್ಟು, ಅದು 30 ಡಿಗ್ರಿ ದಾಟತೊಡಗಿದರೆ ಕಡಿಮೆ ವಾಟ್‌ನ ಬಲ್ಬು ಹಾಕಬೇಕು, ಆಗಲೂ ಇಳಿಯದಿದ್ದರೆ ದೊಡ್ಡದರ ಗೂಡನ್ನು ಬೇಸಿಗೆ ಮುಗಿಯುವವರೆಗೆ ಇನ್ನೊಂದು ಕೋಣೆಗೆ ಸಾಗಿಸಬೇಕು.