ಗಡಿಗಿಯ ಬೆವರು

ಹೋದ ಮೇ ತಿಂಗಳಲ್ಲಿ ಕಲಬುರಗಿಯ ನಮ್ಮ ಓಣಿಯ ಒಂದು ಮನೆಗೆ ಶಹಾಬಾದ್ ಕಲ್ಲು ಹಾಸುತ್ತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಗೌಂಡಿ ಕಾಕಾ ನಮ್ಮ ಕಟ್ಟೆಯ ಮೇಲಿನ ಗಡಿಗಿಯಿಂದ ನೀರು ಕುಡಿಯಲು ಬಂದರು. “ಇಷ್ಟು ಬಿಸಲಾಗ ಯಾಕ್ ಮಾಡ್ತೀರಿ ಕಾಕಾ, ಇಳಿಹೊತ್ತಿಗಿ ಮಾಡ್ರಿ” ಎಂದೆ. “ಮೈಯಾಗ ಬೆವರೇ ಇಲ್ಲ, ಬಿಸಲು ನನಗೇನ್ ಮಾಡ್ತದ?” ಎಂದು ನಕ್ಕರು. ಅವರ ಕರಿ ಅಂಗಿಯ ಬೆನ್ನಿನ ಮೇಲೆ ಸುಣ್ಣ ಎಳೆದಂತೆ ಬಿಳಿ ಗೆರೆಗಳಿದ್ದವು. ಬೆವರು ಬಂದಿತ್ತು. ಅಂಗಿ ತೋಯುವ ಮೊದಲೇ ಗಾಳಿ ಅದನ್ನು ಕುಡಿದು ಉಪ್ಪನ್ನಷ್ಟೇ ಬಿಟ್ಟಿತ್ತು.

ಮಂಗಳೂರಿನಲ್ಲಿ 34 ಡಿಗ್ರಿಗೇ ಅಂಗಿ ಹಿಂಡುವಂತಾಗುತ್ತದೆ. ನಮ್ಮಲ್ಲಿ 42 ಆದರೂ ಮೈ ಒಣ ಒಣ. ಅಲ್ಲಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಹರಿದುಹೋಗುತ್ತದೆ. ಹರಿದ ಬೆವರಿನಿಂದ ಮೈ ತಂಪಾಗುವುದಿಲ್ಲ, ಆರಿದ ಬೆವರಿನಿಂದ ಆಗುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ, ಏಳು ಲೀಟರ್ ತಣ್ಣೀರನ್ನು ಕುದಿಬರಿಸುವಷ್ಟು ಶಾಖ ಮೈಬಿಟ್ಟು ಹೋಗುತ್ತದೆ. ಗಡಿಗಿಯ ಕಸುಬೂ ಇದೇ. ಮಣ್ಣಿನ ಸಣ್ಣ ತೂತುಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುತ್ತ ಒಳಗಿನ ನೀರಿನ ಕಾವನ್ನು ಎಳೆದೊಯ್ಯುತ್ತದೆ. ಗಡಿಗಿಯೂ ಬೆವರಿದರೇ ತಂಪು.

ಒಣಗಾಳಿಯ ಈ ಉಪಕಾರದಲ್ಲೇ ಒಂದು ಮೋಸವೂ ಇದೆ: ಮೈಯಿಂದ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಬಿಸಿಲಿನಲ್ಲಿ ದುಡಿಯುವವರಿಗೆ ತಾಸಿಗೆ ಒಂದು ಲೀಟರ್ ದಾಟಿ ಬೆವರು ಹೋಗಬಹುದು. ಬಾಯಾರಿಕೆಯನ್ನು ಕಾದು ಕೂತರೆ ತಡವಾಗುತ್ತದೆ, ವಯಸ್ಸಾದವರಿಗೆ ಇನ್ನೂ ತಡ. ಮೂತ್ರ ಅರಿಶಿನದ ನೀರಿನಂತೆ ಗಟ್ಟಿ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಲೆಕ್ಕ. ಅಂಗಿಗೆ ಹತ್ತಿದ ಉಪ್ಪೂ ಮೈಗೆ ಮರಳಬೇಕು. ಉಪ್ಪು ಹಾಕಿದ ಮಜ್ಜಿಗಿ, ಜೋಳದ ಅಂಬಲಿ ಅದಕ್ಕೇ ಇರುವುದು. ಬಿಪಿಗೆಂದು ಉಪ್ಪು ಬಿಟ್ಟವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಲಿ.

ತೀರಾ ಬಸವಳಿದರೆ ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಯುವ ಉಪ್ಪು-ಗ್ಲುಕೋಸ್ ಪುಡಿ. ಸಣ್ಣ ಕರುಳಿನಲ್ಲಿ ಉಪ್ಪಿನ ಸೋಡಿಯಂ ಮತ್ತು ಗ್ಲುಕೋಸ್ ಒಂದೇ ಬಾಗಿಲಿನಿಂದ ಜೋಡಿಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನು ಹತ್ತುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳಿಗೆ ಉಪ್ಪು-ಗ್ಲುಕೋಸ್ ನೀರನ್ನೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅರ್ಧ ಶತಮಾನ ಕಳೆದರೂ ನಮ್ಮ ಕಡೆ ಸ್ವಲ್ಪ ಸುಸ್ತಾದರೆ “ಒಂದ್ ಸಲೈನ್ ಹಚ್ರಿ ಡಾಕ್ಟ್ರೇ” ಎನ್ನುವ ಚಟ ಹೋಗಿಲ್ಲ. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಗ್ಲಾಸಿಗೆ ಚೂರು ಚೂರು ಉದುರಿಸುವುದಲ್ಲ.

ಕಾಕಾ ಹೋಗಿ ತಾಸೂ ಆಗಿರಲಿಲ್ಲ, ಕಲ್ಲು ಹೊರುತ್ತಿದ್ದ ಹುಡುಗ “ಅಣ್ಣಾ, ಬಸ್ ಬಂತಾ?” ಎಂದು ಮತ್ತೆ ಮತ್ತೆ ಕೇಳತೊಡಗಿದ. ನಮ್ಮ ಓಣಿಗೆ ಆಟೋ ಬರುವುದೇ ಕಷ್ಟ. ಮೈ ಮುಟ್ಟಿದರೆ ಹಂಚಿನಷ್ಟು ಬಿಸಿ. ಝಳ ಬಡಿಯದಿರಲೆಂದು ಅವನು ಕಿಸೆಯಲ್ಲಿಟ್ಟುಕೊಂಡಿದ್ದ ಉಳ್ಳಾಗಡ್ಡಿಯನ್ನೇ ಒಬ್ಬರು ತೆಗೆದು ಅಂಗಾಲಿಗೆ ತಿಕ್ಕಿದರು, ಇನ್ನೊಬ್ಬರು ಜ್ವರದ ಗುಳಿಗಿಗೆ ಓಡಿದರು. ಉಳ್ಳಾಗಡ್ಡಿ ರೊಟ್ಟಿಯ ಜೊತೆಗೆ ಚೆಂದ. ಕಿಸೆಯಲ್ಲಿದ್ದು ಅದು ಏನನ್ನೂ ತಡೆಯದು. ಗುಳಿಗಿಯೂ ಇಲ್ಲಿ ದಂಡ. ಜ್ವರದಲ್ಲಿ ಮೈಯ ಕಾವನ್ನು ಏರಿಸುವುದು ಮಿದುಳೇ. ಗುಳಿಗಿ ಆ ಆಜ್ಞೆಯನ್ನು ಇಳಿಸುತ್ತದೆ. ಝಳ ಬಡಿದಾಗ ಆಜ್ಞೆ ಎಂದಿನಂತೆಯೇ ಇರುತ್ತದೆ, ಪಾಲಿಸುವ ಶಕ್ತಿ ಮೈಗಿರುವುದಿಲ್ಲ. ಒಳಗಿನ ಕಾವು 40 ಡಿಗ್ರಿ ದಾಟಿ, ಮಾತು ಅಡ್ಡಾದಿಡ್ಡಿ ಆಯಿತೆಂದರೆ ಮಿದುಳು, ಮೂತ್ರಪಿಂಡ ಎರಡಕ್ಕೂ ಅಪಾಯ. ಮೈ ಒಣಗಿರಲಿ, ತೊಯ್ದಿರಲಿ, ಕಾಯಬಾರದು.

ಹುಡುಗನನ್ನು ನೆರಳಿಗೆಳೆದು ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿದೆವು. ಹಸಿ ಪಂಚೆ ಹೊದಿಸಿ ಫ್ಯಾನ್ ತಿರುಗಿಸಿದೆವು. 42 ಡಿಗ್ರಿಯ ಗಾಳಿ ಒಣ ಮೈಗೆ ಬಡಿದರೆ ಕಾಯಿಸುತ್ತದೆ, ಹಸಿ ಮೈಗೆ ಬಡಿದರೆ ಆರಿಸುತ್ತದೆ. ಎಚ್ಚರ ಸರಿಯಿಲ್ಲದವರ ಬಾಯಿಗೆ ಹನಿ ನೀರೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯಬಹುದು. 108ರ ಗಾಡಿ ಬರುವಷ್ಟರಲ್ಲಿ ಹುಡುಗ ತನ್ನ ಊರಿನ ಹೆಸರು ಸರಿಯಾಗಿ ಹೇಳಿದ.

ಬೇಸಿಗೆಯಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಫ್ಯಾನಿನ ಕೆಳಗೆ ಕೂತವರಿಗೆ ಆದೇಶವಿದೆ, ಕಲ್ಲು ಹೊರುವವರಿಗಿಲ್ಲ.

ಗಡಿಗಿ ಹಳತಾದರೆ ಹೊರಮೈಗೆ ಬಿಳಿ ಉಪ್ಪು ಕಟ್ಟಿ ತೂತು ಮುಚ್ಚುತ್ತದೆ, ನೀರು ತಣ್ಣಗಾಗುವುದಿಲ್ಲ. ಮನುಷ್ಯರಿಗೂ ವಯಸ್ಸಾದಂತೆ ಬೆವರು ಕಡಿಮೆ. ಬಹಳ ವರ್ಷಗಳ ಸಕ್ಕರೆ ಕಾಯಿಲೆಯಿಂದ ಬೆವರಿಸುವ ನರಗಳೂ ಸೋಲುತ್ತವೆ. ಬಿಪಿಯ ಕೆಲವು ಗುಳಿಗಿಗಳು ಮೂತ್ರ ಹೆಚ್ಚಿಸಿ ನೀರು ಕಳೆಯುತ್ತವೆ. ತಾವಾಗಿಯೇ ಬಿಡುವಂತಿಲ್ಲ, ಬೇಸಿಗೆಗೆ ಮೊದಲೇ ಗುಳಿಗಿಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಿಬಂದರೆ ಅಳತೆ ಬದಲಿಸಬೇಕೋ ಬೇಡವೋ ಅವರೇ ಹೇಳುತ್ತಾರೆ.

ಎದುರು ಮನೆಯ ಆಯಿ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಅವಳ ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಗಡಿಗಿಯಲ್ಲಿ ಹಸಿ ಉಸುಕು, ಅದರೊಳಗೊಂದು ಸಣ್ಣ ಗಡಿಗಿ, ಅದರಲ್ಲಿ ನೀರು ಹೋಗದ ಡಬ್ಬಿ, ಡಬ್ಬಿಯಲ್ಲಿ ಬಳಸುತ್ತಿರುವ ಸೀಸೆ. ದಿನಕ್ಕೆರಡು ಸಲ ಉಸುಕಿಗೆ ನೀರು ಚಿಮುಕಿಸುತ್ತಾಳೆ. ಜೂನಿನಲ್ಲಿ ಮಳೆ ಬಿದ್ದು ಗಾಳಿ ಹಸಿಯಾದ ಮೇಲೆ ಗಡಿಗಿ ಅಷ್ಟು ತಣ್ಣಗಾಗುವುದಿಲ್ಲ. ಆಗ ಡಬ್ಬಿ ತಂದು ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ.