‘ಗಂಟೆ ಎಷ್ಟು’ ಬೇರೆ, ‘ಎಷ್ಟು ಹೊತ್ತು’ ಬೇರೆ

ಡೊಂಬಿವಲಿಯ ಮನೆಯಿಂದ ದಾದರ್‌ನ ಆಫೀಸಿಗೆ ದಿನಾ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಲು ಪೈಥಾನ್‌ನಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದಿದ್ದೆ. ಮೊದಲ ದಿನವೇ ಪರದೆಯ ಮೇಲೆ 06:42:05 ಬಂತು. ನಾನು ತಲುಪಿದ್ದು ಒಂದೂಕಾಲು ಗಂಟೆಯೊಳಗೆ! ಹೆಚ್ಚಾಗಿ ಸೇರಿಕೊಂಡದ್ದು ಸರಿಯಾಗಿ ಐದೂವರೆ ಗಂಟೆ.

ನಿಮಗೂ ಈ ಐದೂವರೆ ಕಂಡರೆ ಕಾರಣ ಇದೇ ಇರುತ್ತದೆ. ಕಳೆದದ್ದು 4325 ಸೆಕೆಂಡು. ಅದನ್ನು ನಾನು ಗಡಿಯಾರದ ವೇಳೆ ಬರೆಯುವ ಫಂಕ್ಷನ್‌ಗೆ ಕೊಟ್ಟಿದ್ದೆ. ಅದು ಕಂಪ್ಯೂಟರ್ ವೇಳೆ ಎಣಿಸಲು ಶುರುಮಾಡುವ 1970ರ ಜನವರಿ 1ರ ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಪ್ರಮಾಣ ವೇಳೆ) ಮಧ್ಯರಾತ್ರಿಯಿಂದ 4325 ಸೆಕೆಂಡು ಎಣಿಸಿ, ಆ ಕ್ಷಣದಲ್ಲಿ ಭಾರತದಲ್ಲಿ ಗಂಟೆ ಎಷ್ಟು ಎಂದು ಹೇಳಿತು. ನಾನು ಕೇಳಬೇಕಿದ್ದದ್ದು ‘ಎಷ್ಟು ಹೊತ್ತು’, ಕೇಳಿದ್ದು ‘ಗಂಟೆ ಎಷ್ಟು’. ಯುಟಿಸಿಯಲ್ಲೇ ತೋರಿಸು ಎಂದರೆ ಐದೂವರೆ ಹೋಗುತ್ತದೆ ನಿಜ, ಆದರೆ 26 ಗಂಟೆಯ ರೈಲು ಪ್ರಯಾಣ ಬರೀ 2 ಗಂಟೆ ಎಂದು ಕಾಣುತ್ತದೆ. ಗಡಿಯಾರಕ್ಕೆ 24ರ ಆಚೆ ಗೊತ್ತಿಲ್ಲವಲ್ಲ.

ಹಾಗಾಗಿ ಭಾಗಾಕಾರವನ್ನು ನಾವೇ ಮಾಡುವುದು ಒಳ್ಳೆಯದು. 4325ನ್ನು 3600ರಿಂದ ಭಾಗಿಸಿದರೆ 1 ಗಂಟೆ, ಶೇಷ 725. ಅದನ್ನು 60ರಿಂದ ಭಾಗಿಸಿದರೆ 12 ನಿಮಿಷ, ಶೇಷ 5. ನಿಮಿಷ, ಸೆಕೆಂಡುಗಳಿಗೆ ಎರಡಂಕಿ ಇರಲೇಬೇಕು: 1:12:05. ಸೊನ್ನೆ ಬಿಟ್ಟು 1:12:5 ಎಂದು ಬರೆದರೆ ಓದುವವರು ಐದೋ ಐವತ್ತೋ ಎಂದು ತಡವರಿಸುತ್ತಾರೆ.

ದಶಮಾಂಶ ತೋರಿಸುವಾಗ ಇನ್ನೊಂದು ತೊಡಕು ಇದೆ, ನನಗೆ ಇದು ಅರ್ಥವಾಗಲು ಬಹಳ ದಿನ ಬೇಕಾಯಿತು. 119.96 ಸೆಕೆಂಡನ್ನು ಮೊದಲು ಒಡೆದರೆ 1 ನಿಮಿಷ, 59.96 ಸೆಕೆಂಡು. ಆಮೇಲೆ ಒಂದೇ ದಶಮಾಂಶಕ್ಕೆ ದುಂಡಾಗಿಸಿದರೆ 1:60.0! ಮೊದಲು ಒಟ್ಟು ಮೊತ್ತವನ್ನು 120.0ಕ್ಕೆ ದುಂಡಾಗಿಸಿ, ಆಮೇಲೆ ಒಡೆಯಿರಿ, 2:00.0 ಬರುತ್ತದೆ.

ಋಣ ಸಂಖ್ಯೆಯಿದ್ದರೆ ಚಿಹ್ನೆಯನ್ನು ಮೊದಲೇ ಬೇರೆ ಮಾಡಿಕೊಳ್ಳಿ. ಪೈಥಾನ್‌ನಲ್ಲಿ ಮೈನಸ್ 5ನ್ನು 60ರಿಂದ ಭಾಗಿಸಿದರೆ ಭಾಗಲಬ್ಧ ಮೈನಸ್ 1, ಶೇಷ 55. ಹಾಗಾಗಿ -0:05 ಬರಬೇಕಾದಲ್ಲಿ -1:55 ಬರುತ್ತದೆ.

ಇನ್ನು ಅಳೆಯುವುದಕ್ಕೇ ಸಿಸ್ಟಂ ಗಡಿಯಾರ ನೋಡಿ ಹೇಳುವ ‘ಟೈಮ್.ಟೈಮ್’ ಫಂಕ್ಷನ್ ಬೇಡ. ಸಿಸ್ಟಂ ಗಡಿಯಾರವನ್ನು ನಡುವೆ ಯಾರಾದರೂ ಹಿಂದಕ್ಕೆ ತಿರುಗಿಸಿದರೆ ಲೆಕ್ಕ ಕೆಡುತ್ತದೆ. ಅದರ ಬದಲು ‘ಟೈಮ್.ಮೊನೊಟಾನಿಕ್’ ಬಳಸಿ, ಅದು ಎಂದೂ ಹಿಂದೆ ಸರಿಯುವುದಿಲ್ಲ. ಬರೆದಾದ ಮೇಲೆ 0, 119.96, 3599.96, 93600 ಇವಿಷ್ಟನ್ನೂ ಕೊಟ್ಟು ನೋಡಿ. ಮೂರನೆಯದಕ್ಕೆ 1:00:00.0, ಕೊನೆಯದಕ್ಕೆ 26:00:00.0 ಬರಬೇಕು.